ಚಿತ್ರದಲ್ಲಿಲ್ಲದ ಕೈ

ಒಂಬತ್ತನೆಯ ತರಗತಿ. ಮಾರ್ಚ್. ಕಲ್ಲಿದ್ದಲಿನ ಒಲೆ.
ಕಿಟಕಿಯಾಚೆ ನರಿನ್ ಹೊಳೆ ಇನ್ನೂ ಅರ್ಧ ಗಾಜು.
ಹಲಗೆಯ ಮೇಲೆ ನಾನೊಂದು ವೃತ್ತ ಬರೆಯುತ್ತೇನೆ.
ಹದಿನಾಲ್ಕು ವರ್ಷದಿಂದ ಬರೆಯುತ್ತಿದ್ದೇನೆ,
ಇನ್ನೂ ದುಂಡಗಾಗಿಲ್ಲ.

ಮೇಲೆ ನಾಯಿ. ನಾಯಿಯ ಕರುಳಿನಲ್ಲಿ ಲಾಡಿಹುಳು:
ಜೀರಿಗೆಯಷ್ಟು ಉದ್ದವಿದ್ದರೆ ಹೆಚ್ಚು.
ಬಾಯಿಲ್ಲ, ಹೊಟ್ಟೆಯಿಲ್ಲ. ಕೊಕ್ಕೆಯಿದೆ, ಹೀರುಬಟ್ಟಲಿದೆ,
ಕೊನೆಯ ತುಂಡಿನ ತುಂಬ ಮೊಟ್ಟೆಯಿದೆ.
ಬಾಣ. ಹುಲ್ಲು. ಬಾಣ. ಕುರಿ.
ಕುರಿಯ ಕರುಳಗೋಡೆ ಕೊರೆದು, ನೆತ್ತರ ದಾರಿ ಹಿಡಿದು
ಮರಿಹುಳು ಸೇರುವುದು ಪಿತ್ತಜನಕಾಂಗ.
ಅಲ್ಲಿ ಬೀಡುಬಿಟ್ಟು ಕಟ್ಟಿಕೊಳ್ಳುವುದು
ತಿಳಿನೀರು ತುಂಬಿದ ಒಂದು ಚೀಲ.
ಬಾಣ. ಮತ್ತೆ ನಾಯಿ.

ನಾಯಿ, ಕುರಿ ಎರಡೂ ಆತಿಥೇಯರು ಎಂದಾಗ
ಹಿಂದಿನ ಬೆಂಚು ಕಿಸಕ್ಕೆಂದಿತು.
ಬಂದ ನೆಂಟನ ಮುಂದೆ ಬೇಯಿಸಿದ ಕುರಿದಲೆಯನ್ನೇ ಇಡುವ ಊರು ಇದು,
ಕರೆಯದೆ ಬಂದು ಒಳಗೇ ಉಳಿದವನಿಗೆ
ಏನಿಟ್ಟು ಸತ್ಕರಿಸುವುದು?

ವೃತ್ತದ ಹೊರಗೆ, ಹಲಗೆಯ ಅಂಚಿಗೆ, ಒಬ್ಬ ಮನುಷ್ಯ.
ಅವನೊಳಕ್ಕೆ ಹೋಗುವ ಬಾಣವಿದೆ, ಹೊರಡುವ ಬಾಣವಿಲ್ಲ.
ಹುಳುವಿಗೆ ಅದು ತಪ್ಪು ವಿಳಾಸ, ಎಂದೆ.
ದಾರಿ ಅಲ್ಲಿಗೆ ಮುಗಿಯುತ್ತದೆ.

ಮೂರನೆಯ ಬೆಂಚಿನಲ್ಲಿ ಬುರುಲ್
ಬಲಗಡೆಯ ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟಳು.
ಅಲ್ಲೊಂದು ಗೇಣುದ್ದದ ಹೊಲಿಗೆಯ ಗುರುತು, ತರಗತಿಗೆಲ್ಲ ಗೊತ್ತು.
ಬಿಷ್ಕೆಕ್‌ನಲ್ಲಿ ತೆಗೆದರು, ಕಿತ್ತಳೆಯಷ್ಟು ದೊಡ್ಡದು.
ನೋವಿಲ್ಲದೆ, ಸದ್ದಿಲ್ಲದೆ, ವರ್ಷಗಟ್ಟಲೆ
ಅವಳ ಜೊತೆಗೇ ಬೆಳೆದದ್ದು.
ಅಪ್ಪ ಮನೆಗೆ ಬಂದವನೇ ಬಂದೂಕು ಇಳಿಸಿದ್ದು,
ಹೊಲಿಗೆ ಬಿಚ್ಚದ ಹುಡುಗಿ ನಾಯಿಯ ಕೊರಳಿಗೆ ಜೋತುಬಿದ್ದದ್ದು,
ಅದೂ ಗೊತ್ತು.

“ಹಾಗಾದರೆ ತಪ್ಪು ಅಕ್‌ತೋಷ್‌ನದೇನಾ, ಟೀಚರ್?”

ನನ್ನ ಬಳಿ ಪುಸ್ತಕದ ಉತ್ತರವಿತ್ತು.
ಗಂಟಲಿಗೆ ಬರುವಷ್ಟರಲ್ಲಿ ಮೆಡೆತ್ ಎದ್ದುನಿಂತ.
ಜೀವಶಾಸ್ತ್ರದಲ್ಲಿ ಐದಕ್ಕೆ ಎರಡು ಅವನಿಗೆ.
ಆದರೆ ಕತ್ತಲಲ್ಲೂ, ಪಿತ್ತದ ಚೀಲ ಒಡೆಯದಂತೆ
ಕುರಿಯ ಒಳಗನ್ನು ಬಿಡಿಸಬಲ್ಲ.
“ಆ ಕೊನೆಯ ಬಾಣ ಸರಿಯಿಲ್ಲ, ಟೀಚರ್.
ಕುರಿಯ ಪಿತ್ತಜನಕಾಂಗ ತಾನಾಗಿ ನಡೆದು
ನಾಯಿಯ ಬಾಯಿಗೆ ಹೋಗುತ್ತದೆಯೆ?
ನೀರುಗುಳ್ಳೆ ಕಂಡರೆ ನಾವು ತಿನ್ನುವುದಿಲ್ಲ. ಎಸೆಯುತ್ತೇವೆ.
ನಾನೇ ಎಸೆದಿದ್ದೇನೆ.”
ಅವನ ಕಿವಿ ಕೆಂಪಾಗಿತ್ತು.

ಒಲೆಯೊಳಗೆ ಕೆಂಡ ಕುಸಿದ ಸದ್ದು.

ಬುರುಲ್ ಬಂದು ಸೀಮೆಸುಣ್ಣ ತೆಗೆದುಕೊಂಡಳು.
ಕುರಿಗೂ ನಾಯಿಗೂ ನಡುವೆ, ಬಾಣದ ಮೇಲೆಯೇ,
ಒಂದು ಕೈ ಬರೆದಳು. ಬೆರಳು ಆರಾದವು.
ಯಾರೂ ನಗಲಿಲ್ಲ.
ಹದಿನಾಲ್ಕು ವರ್ಷದಿಂದ ವೃತ್ತ ಯಾಕೆ ಕೂಡುತ್ತಿರಲಿಲ್ಲ ಎಂದು
ನನಗಾಗ ಹೊಳೆಯಿತು ಅನ್ನುವುದು ಸುಳ್ಳು.
ಸಂಜೆ ಹಲಗೆ ಒರೆಸಹೋಗಿ, ಒರೆಸಲಾರದೆ ನಿಂತಾಗ ಹೊಳೆಯಿತು.

ಮೇ ಪರೀಕ್ಷೆಯಲ್ಲಿ ಮೆಡೆತ್ ಬರೆದ:
“ಮನುಷ್ಯ ಈ ಚಕ್ರದಲ್ಲಿ ಎರಡು ಕಡೆ ಇದ್ದಾನೆ.”
ಮಾದರಿ ಉತ್ತರದಲ್ಲಿ ಒಂದೇ ಕಡೆ.
ಮೇಲಿನವರಿಗೆ ಏನು ಹೇಳಲಿ ಎಂದು ಯೋಚಿಸುತ್ತ
ಅಂಕ ಮಾತ್ರ ಕೊಟ್ಟೆ.

ಜೂನ್. ಬೇಸಿಗೆಯ ಮೇವುಗುಡ್ಡಕ್ಕೆ ಹೋಗಿದ್ದೆ.
ಬಿಳಿ ಗುಡಾರದ ಹಿಂದೆ ಮಸಿ ಹಿಡಿದ ಹಂಡೆಯಲ್ಲಿ
ಕುರಿಯ ಶ್ವಾಸಕೋಶ ಕೊತಕೊತ ಕುದಿಯುತ್ತಿತ್ತು.
“ಮುಕ್ಕಾಲು ಗಂಟೆ ಆಗಬೇಕು” ಎಂದು ಮೆಡೆತ್
ಗಡಿಯಾರವಿಲ್ಲದ ಕೈಯನ್ನೇ ನೋಡಿಕೊಂಡ.
ಬುರುಲ್ ಬಾಲದ ಕೊಬ್ಬಿನ ಉಂಡೆಯಲ್ಲಿ ಮಾತ್ರೆ ಅಡಗಿಸಿದಳು.
ಅಕ್‌ತೋಷ್ ಕೊಬ್ಬನ್ನೆಲ್ಲ ನೆಕ್ಕಿ,
ಮಾತ್ರೆಯೊಂದನ್ನೇ ಹುಲ್ಲಿನ ಮೇಲೆ ಮೆಲ್ಲಗೆ ಉಗುಳಿ,
ಬಾಲ ಆಡಿಸಿತು.

ಅವಳು ಮತ್ತೊಂದು ಉಂಡೆ ಕಟ್ಟಿದಳು.
ಮಂಜು ಕರಗಿದ ನೀರಿನಲ್ಲಿ ಸೋಪು ನೊರೆಯೇಳದು.
ಆದರೂ ಕೈ ತೊಳೆದಳು. ಉಗುರಿನ ಸಂದಿಯನ್ನೂ.
ಅಕ್‌ತೋಷ್ ಆಗಲೇ ಮೂರನೆಯದಕ್ಕೆ ಕಾದು ಕೂತಿತ್ತು.